ಐಸಿನ ಮೇಲೆ ಧರಣಿ

ಚಿಕ್ಕಪ್ಪಾ,

ಕ್ರೀಡಾಂಗಣ ಗುಡಿಸುವ ಕೆಲಸಕ್ಕೆ ಕರೆಯುವಾಗ ದಪ್ಪ ಕೋಟು, ಬೂಟು, ವಾರಕ್ಕೊಂದು ರಜೆ ಕೊಡುತ್ತೇವೆಂದರು. ಕೊಟ್ಟದ್ದು ತಂಡದ ಹೆಸರಿರುವ ಟೋಪಿ. ಕೆನಡಾದ ಈ ಹೊಸ ಐಸ್ ಹಾಕಿ ತಂಡಕ್ಕೆ ಇದು ಮೊದಲ ಸೀಸನ್, ಆಡಿದ್ದೆಲ್ಲ ಸೋಲು. ಗೆದ್ದ ಮೇಲೆ ಕೋಟು ಅಂತಾನೆ ಮ್ಯಾನೇಜರ್. ಅಂದರೆ ನಾವು ಸತ್ತ ಮೇಲೆ!

ನಿನ್ನೆ ಮ್ಯಾಚಿಗೆ ಮುಂಚೆ ಕಸ ಗುಡಿಸುವ ನಾವೆಲ್ಲ, ನೀನು ನಂಜನಗೂಡು ತಾಲ್ಲೂಕು ಕಚೇರಿ ಮುಂದೆ ಕಲಿಸಿದಂತೆ, ಆಟದ ಅಂಕಣದ ಐಸಿನ ಮೇಲೇ ಧರಣಿ ಕೂತೆವು. ಅಧಿಕಾರಿ ಬರುವವರೆಗೂ ಏಳಬಾರದು ಅಂದಿದ್ದೆಯಲ್ಲ? ನಮ್ಮ ಜೊತೆ ಗುಡಿಸುವ ಬನ್ನೂರಿನ ರಘು ಕಿರುಚಿದ: “ಏಳಕ್ಕೇ ಆಯ್ತಿಲ್ಲ ಕಣಕ್ಕ, ಪ್ಯಾಂಟು ಅಂಟ್ಕಬುಟ್ಟದೆ!” ತಂಡಕ್ಕೆ ಸಿಗದ ಚಪ್ಪಾಳೆ ನಮಗೆ ಸಿಕ್ಕಿತು. ಮ್ಯಾನೇಜರ್ ಓಡಿ ಬಂದು ಮಾತುಕತೆಗೆ ಒಪ್ಪಿದ.

ಕುಂಡಿ ಮರಗಟ್ಟಿದೆ, ಮಿಕ್ಕಂತೆ ಚೆನ್ನಾಗಿದ್ದೇನೆ. ಒಂದು ಕಂಬಳಿ ಕಳಿಸು, ಹೊದೆಯಲಿಕ್ಕಲ್ಲ, ಹಾಸಿ ಕೂರಲಿಕ್ಕೆ. ಮ್ಯಾನೇಜರ್ ಜೊತೆ ಸಭೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ; ಕೋಟು ಕೊಡದಿದ್ದರೆ ಮತ್ತೆ ಧರಣಿ.

ನಿನ್ನ ಮಗಳು ಪವಿತ್ರ