ಟೈರಿಗೂ ಪಾಲಿಶ್ ಹಚ್ಚಿದ ಅಪ್ಪನಿಗೆ

ಅಪ್ಪಾ,

ಬೈಕು ಮಿರಮಿರ ಮಿಂಚ್ತಿದೆ. ಮೇಜು, ಕುರ್ಚಿಗೆ ಪಾಲಿಶ್ ಹಾಕೋ ಕೈ ನಿಂದು, ಸುಮ್ಮನಿರಲ್ಲ ಅಂತ ಗೊತ್ತು. ಆದ್ರೆ ಟೈರಿಗೂ ಹಚ್ಚೋದಾ ನನ್ನಪ್ಪಾ! ಇವತ್ತು ಮೊದಲನೇ ಸಲ ರೇಸ್ ಟ್ರ್ಯಾಕಿಗೆ ಇಳಿಯೋಳು, ಮೊದಲ ತಿರುವಲ್ಲೇ ಸರ್ರಂತ ಜಾರಿರ್ತಿದ್ದೆ. ಬೆಳಿಗ್ಗೆ ಎದ್ದು ಸೋಪು ಹಾಕಿ ಉಜ್ಜಿ ಉಜ್ಜಿ ಕೈ ಬಿದ್ದುಹೋಯ್ತು. ಬಟ್ಟೆ ಒಗೆಯೋ ಬ್ರಷ್ಷು ಕರ್ರಗಾಗಿದೆ, ಅಮ್ಮನಿಗೆ ನೀನೇ ಹೇಳ್ಕೋ.

ಹೆದರಬೇಡ, ಇದು ರೇಸ್ ಅಲ್ಲ. ಅಣ್ಣ ಹೇಳಿದ ದೊಡ್ಡ ಟ್ರ್ಯಾಕ್ ಬಿಟ್ಟು, ಬರೀ ಹೊಸಬರಿಗೆ ಅಂತ ಇಟ್ಟಿರೋ ದಿನಾನೇ ಆರಿಸ್ಕೊಂಡೆ. ಟ್ರ್ಯಾಕು ಚಿಕ್ಕದು. ಮುಂದೆ ಮೇಷ್ಟ್ರು, ಹಿಂದೆ ಬಾತುಕೋಳಿ ಮರಿಗಳ ಹಾಗೆ ನಾವು. ಅಣ್ಣ ನಕ್ಕರೆ ನಗಲಿ.

ಬೈಕಿನ ಕನ್ನಡಿ ಬಿಚ್ಚಿ ನಿನ್ನ ಮೇಜಿನ ಮೇಲಿಟ್ಟಿದ್ದೀನಿ. ಟ್ರ್ಯಾಕಲ್ಲಿ ಹಿಂದೆ ನೋಡೋ ಹಾಗಿಲ್ಲವಂತೆ, ಕಣ್ಣು ಮುಂದೇನೇ ಇರಬೇಕಂತೆ. ಅದಕ್ಕೂ ಪಾಲಿಶ್ ಹಚ್ಚಬೇಡ!

ನೀನು ಬರೋದು ಬೇಡ ಅಂತ ನಿನ್ನೆ ರೇಗಿದ್ದೆನಲ್ಲ, ಆ ಮಾತು ವಾಪಸ್. ತಿಂಡಿ ತಿಂದು ನಿಧಾನಕ್ಕೆ ಬಾ. ಕೂಗಾಡಿ ಮಾನ ಕಳೀಬೇಡ. ಕೊನೇ ತಿರುವಿನ ಆಚೆ ಬೇಲಿ ಇದೆ, ಅಲ್ಲೇ ನಿಂತ್ಕೋ. ಹಿಂದೆ ತಿರುಗಿ ನೋಡೋ ಹಾಗಿಲ್ಲವಲ್ಲ, ನೀನು ನನ್ನ ಎದುರಿಗೇ ಇರು.