ದಾರ ಕಡಿದರೆ ನಿಲ್ಲುವ ಯಂತ್ರ

ತಮ್ಮಾ,

"ಅಕ್ಕಾ, ಚಿಕ್ಕವನ ಮೇಲೆ ಪೇಟೆಂಟ್ ಕೇಸು ಹಾಕ್ಬಿಡು" ಅಂದೆಯಲ್ಲ, ನಾನು ಹಾಕುವುದಿಲ್ಲ. ದಾರ ಕಡಿದರೆ ಕಸೂತಿ ಯಂತ್ರ ತಾನೇ ನಿಲ್ಲುವ ಉಪಾಯದ ಪೇಟೆಂಟ್ ನಿನ್ನ ಹೆಸರಲ್ಲಿದೆ, ಅವನೂ ತನ್ನ ಕಾರ್ಖಾನೆಯಲ್ಲಿ ಅದನ್ನೇ ಬಳಸುತ್ತಿದ್ದಾನೆ, ಸರಿ. ಆದರೆ ನಿಮ್ಮಿಬ್ಬರ ಯಂತ್ರಗಳನ್ನೂ ನಡೆಸುವುದು ಒಂದೇ ಓಪನ್ ಸೋರ್ಸ್ ತಂತ್ರಾಂಶ, ಪುಕ್ಕಟೆ ಸಿಕ್ಕಿದ್ದು. ಅದನ್ನು ಬಳಸುವವರ ಮೇಲೆ ಪೇಟೆಂಟ್ ದಾವೆ ಹೂಡಿದವರು ಅದನ್ನು ಬಳಸುವ ಹಕ್ಕನ್ನೇ ಕಳೆದುಕೊಳ್ಳುತ್ತಾರೆ ಎಂದು ಅದರ ಲೈಸೆನ್ಸಿನಲ್ಲಿದೆ. ನೀನು ಓದದೆ ಒಪ್ಪಿಕೊಂಡಿದ್ದೀಯ. ಕೇಸು ಹಾಕಿದರೆ ಕೂತ ಕೊಂಬೆಯನ್ನೇ ಕಡಿದಂತೆ. ಮೊದಲು ನಿಲ್ಲುವುದು ನಿನ್ನ ಕಾರ್ಖಾನೆ.

ಆ ಉಪಾಯ ಯಾರಿಗೆ ಹೊಳೆಯಿತು ಎಂಬ ಮಾತನ್ನು ನಾನು ಎತ್ತುವುದಿಲ್ಲ. ನಿಮ್ಮಿಬ್ಬರಿಗೂ ಗೊತ್ತು.

ಭಾನುವಾರ ಊಟಕ್ಕೆ ಬಾ. ಅವನೂ ಬರುತ್ತಾನೆ. ಬರುವಾಗ ಪೇಟೆಂಟ್ ಪತ್ರ ತಾ. ಅದಕ್ಕೆ ಇನ್ನೊಂದು ಹೆಸರು ಸೇರಿಸುವುದು ಹೇಗೆಂದು ನನಗೆ ಗೊತ್ತು.

ನಿನ್ನ ವಕೀಲೆ,
ಇಬ್ಬರಿಗೂ ಅಕ್ಕ