ಕ್ರೌಂಚ ಹಾರುವುದಿಲ್ಲ ಎಂದು ಬರೆದವರಿಗೆ

ವಿದ್ಯುತ್ ಮಾರ್ಗಗಳಿಗೆ ಮಂಜೂರಾತಿ ನೀಡುವ ಮಾನ್ಯ ಅಧಿಕಾರಿಗಳೇ,

ಹಾರುವ ಹಕ್ಕಿಯನ್ನು ನಡೆಯುವ ಹಕ್ಕಿ ಎಂದು ದಾಖಲಿಸಿಕೊಂಡು ತಾವು ನಮ್ಮ ಜೌಗಿನ ಮೇಲೆ ತಂತಿ ಎಳೆಸಿದ್ದೀರಿ. ಆ ತಂತಿಗೆ ಬಡಿದು ಒಂದು ಗಂಡು ಕ್ರೌಂಚ ಸತ್ತಿದೆ. ಉಳಿದಿರುವ ಹೆಣ್ಣು ಮತ್ತು ಅದರ ಒಂದೇ ಮರಿ ದಿನವೂ ಅದೇ ತಂತಿ ದಾಟಿ ಮೇಯಲು ಹೋಗುತ್ತವೆ. ಅವೂ ಸಾಯುವ ಮೊದಲು, ಹಕ್ಕಿಗಳಿಗೆ ದೂರದಿಂದ ಕಾಣುವಂಥ ಬಣ್ಣದ ಬಿಲ್ಲೆಗಳನ್ನು ತಂತಿಗೆ ತೂಗುಹಾಕಿಸಿ ಎಂದು ಕೇಳಲು ಈ ಪತ್ರ.

ನಾನು ಜೌಗಿನ ದಂಡೆಯಲ್ಲಿ ಲಾಂಡ್ರಿ ನಡೆಸುವವಳು. ಹೋಟೆಲುಗಳ ಹಾಸುಬಟ್ಟೆ ಒಗೆದು ತಾರಸಿಯಲ್ಲಿ ಒಣಹಾಕುವುದು ನನ್ನ ಮತ್ತು ನನ್ನ ಅತ್ತೆಯ ಕೆಲಸ. ಎರಡು ಬೇಸಿಗೆಗಳ ಹಿಂದೆ ತಮ್ಮ ಸಮೀಕ್ಷಕರು ಅದೇ ತಾರಸಿಯಲ್ಲಿ ದುರ್ಬೀನು ಹಿಡಿದು ಕುಳಿತಿದ್ದರು. ಕ್ರೌಂಚದ ಜೋಡಿ ಜೊಂಡಿನ ನಡುವೆ ನಡೆದದ್ದೇ ನಡೆದದ್ದು, ಒಮ್ಮೆಯೂ ಮೇಲೇಳಲಿಲ್ಲ. ಏಳುವುದಾದರೂ ಹೇಗೆ? ಕೆಲವು ವರ್ಷಗಳಿಗೊಮ್ಮೆ ಇವು ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸುತ್ತವೆ. ಹೊಸವು ಬರುವವರೆಗೆ ನೆಲವೇ ಗತಿ. ಗರಿ ಉದುರಿದೆ ಅಷ್ಟೇ, ಬಂದಮೇಲೆ ಹಾರುತ್ತವೆ ಎಂದು ಅತ್ತೆ ಹೇಳಿಯೂ ಹೇಳಿದರು. ಸಮೀಕ್ಷಕರು ನಕ್ಕರು. ದಂಡೆಯಲ್ಲಿ ಬಿದ್ದಿದ್ದ ಉದ್ದನೆಯ ಬೂದುಗರಿಯೊಂದನ್ನು, ಮಗಳಿಗೆ ಇಷ್ಟವಾಗುತ್ತದೆಂದು, ಜೇಬಿಗೆ ಸಿಕ್ಕಿಸಿಕೊಂಡರು. ಆಮೇಲೆ ‘ನೆಲದ ಮೇಲೆಯೇ ಸಂಚರಿಸುವ ಪಕ್ಷಿ, ತಂತಿಯಿಂದ ಬಾಧಕವಿಲ್ಲ’ ಎಂದು ವರದಿ ಬರೆದರು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಜೇಬಿನಲ್ಲಿದ್ದ ಗರಿ ಎಲ್ಲಿಂದ ಉದುರಿತೆಂದಾದರೂ ಯೋಚಿಸಬಾರದಿತ್ತೇ? ಅವರು ಎತ್ತು ಈಯಿತು ಎಂದರು. ತಾವು ಕೊಟ್ಟಿಗೆಗೆ ಕಟ್ಟು ಎಂದು ಸಹಿ ಹಾಕಿದಿರಿ.

ಈ ಬೇಸಿಗೆಯ ಕೊನೆಯಲ್ಲಿ ಒಂದು ಬೆಳಿಗ್ಗೆ ಮಂಜು ಕವಿದಿತ್ತು. ಆಳವಿಲ್ಲದ ನೀರಿನಲ್ಲಿ ನಿಂತೇ ರಾತ್ರಿ ಕಳೆದ ಹಕ್ಕಿಗಳು ಹೊಲಗಳತ್ತ ಎದ್ದವು. ತಂತಿ ಝೇಂಕರಿಸಿತು. ನಾನು ಓಡಿಹೋಗುವಷ್ಟರಲ್ಲಿ ಗಂಡು ಕುತ್ತಿಗೆ ಮುರಿದು ನೀರಿನಲ್ಲಿ ಬಿದ್ದಿತ್ತು. ಕ್ರೌಂಚದ ಜೋಡಿ ಜೊತೆಯಾಗಿ ಕೂಗುತ್ತದೆ. ಒಂದು ಶುರುಮಾಡಿದರೆ ಇನ್ನೊಂದು ಉತ್ತರ ಕೊಡುತ್ತದೆ. ಎದೆಯ ಮೂಳೆಯೊಳಗೆ ಸುರುಳಿ ಸುತ್ತಿದ ಶ್ವಾಸನಾಳದಿಂದ ಹೊರಡುವ ಆ ದನಿ ಮೈಲಿಗಳಾಚೆಗೂ ಕೇಳುತ್ತದೆ. ಈಗ ಹೆಣ್ಣು ತನ್ನ ಪಾಲನ್ನಷ್ಟೇ ಕೂಗುತ್ತದೆ, ಉತ್ತರಕ್ಕೆ ಬೇಕಾದಷ್ಟು ಹೊತ್ತು ಸುಮ್ಮನಿರುತ್ತದೆ, ಮತ್ತೆ ಕೂಗುತ್ತದೆ. ಆ ನಡುವಿನ ಮೌನ ನಮ್ಮ ಮನೆಯೊಳಕ್ಕೇ ಬಂದು ನಿಲ್ಲುತ್ತದೆ, ಸ್ವಾಮಿ. ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಮರೆತುಬಿಡುತ್ತಾರೆ. ಹೋಟೆಲಿನ ಹಾಸುಬಟ್ಟೆಯೊಂದು ಈಗಾಗಲೇ ಸುಟ್ಟಿದೆ.

ನನ್ನ ಮೊದಲ ದೂರಿಗೆ ತಮ್ಮ ಕಚೇರಿ ಕೃಪೆಯಿಟ್ಟು ಉತ್ತರಿಸಿತು: ಸದರಿ ಪ್ರಭೇದವು ಅಳಿವಿನಂಚಿನಲ್ಲಿಲ್ಲ, ‘ಕನಿಷ್ಠ ಕಾಳಜಿ’ಯ ವರ್ಗದಲ್ಲಿದೆ, ಜಗತ್ತಿನಲ್ಲಿ ಅದರ ಸಂಖ್ಯೆ ಏರುತ್ತಿದೆ. ನಿಜ, ನನಗೂ ಸಂತೋಷವೇ. ಆದರೆ ಅದು ತಾನಾಗಿ ಏರಿತೇ? ಎಲ್ಲೆಲ್ಲೋ ಯಾರ್ಯಾರೋ ಜೌಗು ಉಳಿಸಿದರು, ಬೇಟೆ ನಿಲ್ಲಿಸಿದರು. ಜೌಗು ಬತ್ತಿಸಿದ ಎಷ್ಟೋ ಕಡೆ ಇವು ಮಾಯವಾಗಿ ತಲೆಮಾರುಗಳೇ ಕಳೆದಿವೆ. ನನ್ನ ಗಂಡ ಸತ್ತಾಗ, ಲೋಕದಲ್ಲಿ ಗಂಡಸರ ಸಂಖ್ಯೆ ಏರುತ್ತಲೇ ಇದೆ, ಚಿಂತೆ ಬಿಡಮ್ಮ ಎಂದು ಯಾರೂ ಬಾಗಿಲಿಗೆ ಬಂದು ಸಮಾಧಾನ ಹೇಳಲಿಲ್ಲ. ಹೇಳಿದ್ದರೆ ಅತ್ತೆ ಪೊರಕೆ ತೆಗೆದುಕೊಳ್ಳುತ್ತಿದ್ದರು. ಅವರಿಗೆ ಇದ್ದವನು ಅವನೊಬ್ಬನೇ ಮಗ.

ಬಿಲ್ಲೆಗಳಿಲ್ಲ ಎಂದು ಮಾತ್ರ ಹೇಳಬೇಡಿ. ತಮ್ಮ ಉಗ್ರಾಣದಲ್ಲಿ ರಾಶಿ ಬಿದ್ದಿವೆ. ಅಲ್ಲಿಯ ಕಾವಲುಗಾರ ಒಂದನ್ನು ನೀರಿನ ಹೂಜಿಗೆ ಮುಚ್ಚಳ ಮಾಡಿಕೊಂಡಿದ್ದಾನೆ. ಕೆಂಪು ಬಿಳುಪಿನದು, ರಸ್ತೆಯಿಂದಲೇ ಎದ್ದು ಕಾಣುತ್ತದೆ. ನನ್ನ ತಾರಸಿಯ ಹಗ್ಗದಲ್ಲಿ ಬಟ್ಟೆ ಇದ್ದರೆ ಹಕ್ಕಿಗಳು ದೂರದಿಂದಲೇ ಕಂಡು ಬಳಸಿ ಹೋಗುತ್ತವೆ. ತಮ್ಮ ಬೋಳು ತಂತಿ ಮಂಜಿನಲ್ಲಿ ಮನುಷ್ಯರಿಗೇ ಕಾಣುವುದಿಲ್ಲ.

ಇಟ್ಟ ಎರಡು ಮೊಟ್ಟೆಗಳಲ್ಲಿ ಉಳಿದದ್ದು ಈ ಒಂದು ಮರಿ. ತಲೆ ಇನ್ನೂ ಕಂದು, ದನಿ ಇನ್ನೂ ಪೀಪಿ. ಚಳಿ ಬಲಿಯುವ ಮುಂಚೆ ಅದು ದಕ್ಷಿಣಕ್ಕೆ ಹೊರಡಬೇಕು. ಆ ದಾರಿಯನ್ನು ತಂದೆತಾಯಿಯ ಜೊತೆ ಹಾರಿಯೇ ಕಲಿಯಬೇಕು. ತಂದೆ ಹೋಯಿತು. ಈ ಜೌಗಿನಲ್ಲಿ ಬೇರೆ ಕ್ರೌಂಚವಿಲ್ಲ.

ನಿನ್ನೆ ಬೆಳಿಗ್ಗೆ ಮತ್ತೆ ಮಂಜು ಬಿತ್ತು. ತಾರಸಿಗೆ ಹೊರಟ ನನ್ನನ್ನು ಅತ್ತೆ ತಡೆದರು. “ಹೋಗ್ಬೇಡ ಕಣೆ, ಕಿಟಕಿ ಮುಚ್ಚು. ಆ ತಂತಿ ಸದ್ದು ಇನ್ನೊಂದ್ಸಲ ಕೇಳೋ ಶಕ್ತಿ ನನಗಿಲ್ಲ” ಎಂದರು. ಮುಚ್ಚಿದೆ. ಮುಚ್ಚಿದ ಕಿಟಕಿಗೆ ಕಿವಿಗೊಟ್ಟು ಇಬ್ಬರೂ ಆ ಸದ್ದಿಗೇ ಕಾಯುತ್ತ ಕುಳಿತೆವು. ನಿನ್ನೆ ಹೇಗೋ ದಾಟಿದವು.

ಮುಂದಿನ ಮಂಜಿಗೆ ಮೊದಲು ಬಿಲ್ಲೆ ಹಾಕಿಸಿ. ಆಗುವುದಿಲ್ಲವೆಂದಾದರೆ, ತಾಯಿಯೂ ಬಿದ್ದ ದಿನ ಆ ಮರಿಗೆ ದಾರಿ ತೋರಿಸಲು ತಮ್ಮ ಕಚೇರಿಯಿಂದ ಯಾರು ಬರುತ್ತಾರೆ ಎಂಬುದನ್ನು ಲಿಖಿತವಾಗಿ ತಿಳಿಸಿ.

ಇಂತಿ,
ಬೆಳಗಾದರೆ ಆಕಾಶ ನೋಡಲು ಹೆದರುವ
ಒಬ್ಬ ಬಟ್ಟೆ ಒಗೆಯುವವಳು